ಗದ್ದೆಯ ಸೊಳ್ಳೆ, ಲಾಯದ ಕುದುರೆ: ಮೆದುಳು ಜ್ವರದ ಲೆಕ್ಕ ಎಲ್ಲಿ ತಪ್ಪುತ್ತದೆ?

ಕೃಷ್ಣರಾಜಸಾಗರದಿಂದ ವಿಶ್ವೇಶ್ವರಯ್ಯ ನಾಲೆಗೆ ನೀರು ಬಿಟ್ಟ ಮೇಲೆ ಮಂಡ್ಯದ ಗದ್ದೆ ಬಯಲಿನಲ್ಲಿ ಎರಡು ಕೆಲಸಗಳು ಒಟ್ಟಿಗೆ ಶುರುವಾಗುತ್ತವೆ. ಒಂದು, ಭತ್ತದ ನಾಟಿ. ಇನ್ನೊಂದು, ಯಾರೂ ಹೇಳಿ ಮಾಡಿಸದ ಕ್ಯೂಲೆಕ್ಸ್ ಸೊಳ್ಳೆಯ ಸಂತಾನ. ಕೆಸರು ಮಾಡಿ ಮಟ್ಟ ಹೊಡೆದ ಗದ್ದೆಯಲ್ಲಿ ಪೈರು ಇನ್ನೂ ಗೇಣುದ್ದ ಇರುವಾಗ, ನಿಂತ ನೀರಿನ ಮೇಲೆ ಬಿಸಿಲು ನೇರವಾಗಿ ಬೀಳುವ ಆ ಕೆಲವು ವಾರಗಳಲ್ಲಿ, ಮೊಟ್ಟೆಯೊಂದು ರೆಕ್ಕೆ ಬಿಚ್ಚಿದ ಸೊಳ್ಳೆಯಾಗಲು ಸುಮಾರು ಹತ್ತು ದಿನ ಸಾಕು. ಈ ಸೊಳ್ಳೆ ಹೊತ್ತು ತರುವ ಜಪಾನೀಸ್ ಎನ್ಸೆಫಲೈಟಿಸ್, ನಮ್ಮ ಜನ ಮೆದುಳು ಜ್ವರ ಎಂದು ಕರೆಯುವ ಕಾಯಿಲೆ, ಮಕ್ಕಳ ವಿಷಯದಲ್ಲಿ ಈ ಸೀಮೆಗೆ ಹೊಸದಲ್ಲ. ಅದೇ ವೈರಸ್ ಕುದುರೆ, ಕತ್ತೆ, ಹೇಸರಗತ್ತೆಗಳಿಗೂ ತಗಲುತ್ತದೆ ಎಂಬುದು ಮಾತ್ರ ಚರ್ಚೆಗೆ ಬರುವುದು ಅಪರೂಪ.

ಮೈಸೂರಿನ ಹಳೆಯ ಬಡಾವಣೆಯೊಂದರ ಟಾಂಗಾ ಲಾಯದಲ್ಲಿ ಸಂಜೆ ಏಳರ ಹೊತ್ತಿಗೆ ನಿಂತರೆ ಕುದುರೆಯ ಮೈಯೇ ಸೊಳ್ಳೆಯ ಲೆಕ್ಕ ಹೇಳುತ್ತದೆ. ಬಾಲ ಒಂದು ಕ್ಷಣವೂ ಸುಮ್ಮನಿರುವುದಿಲ್ಲ. ಹಿಂಗಾಲಿನ ಲಾಳ ಕಲ್ಲುಚಪ್ಪಡಿಗೆ ಬಡಿಯುತ್ತಲೇ ಇರುತ್ತದೆ. ಕತ್ತಿನ ಚರ್ಮ ಅಲೆಯಂತೆ ನಡುಗಿ ಕುಳಿತ ಸೊಳ್ಳೆಯನ್ನು ಎಬ್ಬಿಸುತ್ತದೆ, ಅದು ಬಾಲಕ್ಕೆ ಎಟುಕದ ಹೊಟ್ಟೆಯ ಅಡಿಗೆ ಹೋಗಿ ಮತ್ತೆ ಕೂರುತ್ತದೆ. ಮೂಲೆಯಲ್ಲಿ ಬೇವಿನ ಸೊಪ್ಪಿನ ಹೊಗೆ ಎಬ್ಬಿಸುತ್ತಿದ್ದ ಟಾಂಗಾದವರು ಹೇಳಿದ್ದು ಇಷ್ಟು: "ಮಳೆಗಾಲದಲ್ಲಿ ಎರಡು ದಿನ ಮೈ ಬಿಸಿಯಾಗ್ತದೆ ಸಾರ್, ಹುರುಳಿ ಮುಟ್ಟಲ್ಲ. ಮೂರನೇ ದಿನ ತಾನೇ ಸರಿಹೋಗ್ತದೆ. ಅದಕ್ಯಾಕೆ ಡಾಕ್ಟ್ರು?" ಆ ಎರಡು ದಿನದ ಜ್ವರ ಮೆದುಳು ಜ್ವರದ ವೈರಸ್ಸಿನದ್ದಾಗಿರಬಹುದು, ಬೇರೆ ಹತ್ತು ಕಾರಣಗಳಲ್ಲಿ ಒಂದೂ ಆಗಿರಬಹುದು, ರಕ್ತ ಪರೀಕ್ಷೆ ಮಾಡದೆ ಹೇಳಲಾಗದು. ಅವರ ಅನುಭವ ಮಾತ್ರ ಸುಳ್ಳಲ್ಲ. ಸೋಂಕು ತಗಲಿದ ಹೆಚ್ಚಿನ ಕುದುರೆಗಳು ಹೊರಗೆ ಏನನ್ನೂ ತೋರಿಸದೆ, ಅಥವಾ ಇಷ್ಟನ್ನೇ ತೋರಿಸಿ, ಚೇತರಿಸಿಕೊಳ್ಳುತ್ತವೆ. ಈ ರೋಗ ಎಷ್ಟು ಹಬ್ಬಿದೆ ಎಂಬ ಲೆಕ್ಕ ತಪ್ಪುವುದು ಇಲ್ಲಿಯೇ. ಕಾಯಿಲೆ ಬಿದ್ದ ಕುದುರೆಗಳನ್ನು ಎಣಿಸುವವರಿಗೆ ಶೂನ್ಯ ಸಿಗುತ್ತದೆ. ಆ ಶೂನ್ಯವನ್ನು ವೈರಸ್ ಇಲ್ಲ ಎಂದು ಓದಿಕೊಳ್ಳುವುದು ದೊಡ್ಡ ತಪ್ಪು.

ವೈರಸ್ಸಿನ ಓಡಾಟವನ್ನು ಮೊದಲು ಸರಿಯಾಗಿ ತಿಳಿಯಬೇಕು, ಏಕೆಂದರೆ ಕುದುರೆಯ ಮೇಲೆ ಅನಗತ್ಯ ಅನುಮಾನ ಹುಟ್ಟುವುದು ಇದು ತಿಳಿಯದಿದ್ದಾಗ. ಬೆಳ್ಳಕ್ಕಿ, ಕೊಳದ ಬಕ, ಇರುಳು ಬಕಗಳಂಥ ಬಕ ಜಾತಿಯ ನೀರುಹಕ್ಕಿಗಳಲ್ಲಿ ವೈರಸ್ ನೆಲೆಸಿರುತ್ತದೆ. ಹಂದಿಯ ಮೈ ಹೊಕ್ಕಾಗ ಅದು ಹಲವು ಪಟ್ಟು ವೃದ್ಧಿಯಾಗಿ, ಕೆಲವು ದಿನ ರಕ್ತದಲ್ಲಿ ದಟ್ಟವಾಗಿ ತುಂಬಿರುತ್ತದೆ. ಆಗ ಕಚ್ಚಿದ ಸೊಳ್ಳೆ ಸೋಂಕು ಹೊತ್ತು ಹಾರುತ್ತದೆ. ಮನುಷ್ಯ ಮತ್ತು ಕುದುರೆಯ ರಕ್ತದಲ್ಲಿ ವೈರಸ್ಸಿನ ಪ್ರಮಾಣ ಅಷ್ಟು ಏರುವುದಿಲ್ಲವಾದ್ದರಿಂದ ಅವುಗಳನ್ನು ಕಚ್ಚಿದ ಸೊಳ್ಳೆ ಮತ್ತೊಬ್ಬರಿಗೆ ರೋಗ ದಾಟಿಸಲಾರದು. ವೈರಸ್ಸಿನ ದಾರಿ ಕುದುರೆಯಲ್ಲಿ ಮುಗಿದುಹೋಗುತ್ತದೆ. ಪಕ್ಕದ ಮನೆಯ ಮಗುವಿಗೆ ಜ್ವರ ಬಂದರೆ ಬೀದಿಯ ಟಾಂಗಾ ಕುದುರೆಯನ್ನು ದೂರುವುದಕ್ಕೆ ಆಧಾರವಿಲ್ಲ. ಇಬ್ಬರೂ ಒಂದೇ ಸೊಳ್ಳೆ ಸಂತತಿಯಿಂದ ಕಚ್ಚಿಸಿಕೊಂಡವರು. ಆದ್ದರಿಂದಲೇ ಕುದುರೆಯ ರಕ್ತ ನಮಗೆ ಉಪಯೋಗಕ್ಕೆ ಬರುವ ಸಾಕ್ಷಿಯೂ ಆಗುತ್ತದೆ.

ಭಾರತದಲ್ಲಿ ಈ ರೋಗ ಮೊದಲು ಗುರುತಾದದ್ದು 1955ರಲ್ಲಿ, ತಮಿಳುನಾಡಿನ ವೆಲ್ಲೂರಿನ ಸುತ್ತ. 1970ರ ದಶಕದ ಕೊನೆಯ ವೇಳೆಗೆ ಕೋಲಾರದಲ್ಲಿ, ಆಮೇಲೆ ಮಂಡ್ಯದಲ್ಲಿ ಮಕ್ಕಳು ಇದಕ್ಕೆ ಬಲಿಯಾದರು. ಪುಣೆಯ ರಾಷ್ಟ್ರೀಯ ವೈರಾಣು ಸಂಸ್ಥೆಯ ವಿಜ್ಞಾನಿಗಳು ಮಂಡ್ಯ ಜಿಲ್ಲೆಯಲ್ಲಿ ರೋಗವಾಹಕ ಸೊಳ್ಳೆಗಳ ಬಗ್ಗೆ ವರ್ಷಗಟ್ಟಲೆ ನಡೆಸಿದ ಅಧ್ಯಯನಗಳನ್ನು ಇಂದಿಗೂ ಈ ವಿಷಯದ ಪ್ರಬಂಧಗಳು ಉಲ್ಲೇಖಿಸುತ್ತವೆ. ನಮ್ಮ ನೆಲಕ್ಕೆ ಇನ್ನೊಂದು ನಂಟೂ ಇದೆ: 2013ರಲ್ಲಿ ಬಿಡುಗಡೆಯಾದ ಜೆನ್‌ವ್ಯಾಕ್ ಎಂಬ ಸ್ವದೇಶಿ ಲಸಿಕೆಯನ್ನು ತಯಾರಿಸಿದ್ದು ಕೋಲಾರದ ರೋಗಿಯೊಬ್ಬರಿಂದ ಬೇರ್ಪಡಿಸಿದ ವೈರಸ್ ತಳಿಯಿಂದ. ಮನುಷ್ಯರಲ್ಲೂ ಸೋಂಕು ತಗಲಿದ ಸುಮಾರು 250 ಮಂದಿಯಲ್ಲಿ ಒಬ್ಬರಿಗಷ್ಟೇ ತೀವ್ರ ಕಾಯಿಲೆ ಕಾಣಿಸಿಕೊಳ್ಳುತ್ತದೆ ಎಂದು ವಿಶ್ವ ಆರೋಗ್ಯ ಸಂಸ್ಥೆ ಅಂದಾಜಿಸುತ್ತದೆ; ಹಾಗೆ ಮೆದುಳಿಗೆ ಏರಿದವರಲ್ಲಿ ನೂರಕ್ಕೆ ಮೂವತ್ತರವರೆಗೆ ಸಾವು ಸಂಭವಿಸಬಹುದು. ಹೆಚ್ಚಿನವರಿಗೆ ಏನೂ ಆಗದೆ, ಕೆಲವರಿಗೆ ಎಲ್ಲವೂ ಆಗಿಬಿಡುವ ರೋಗ ಇದು. ಕುದುರೆಯಲ್ಲೂ ಅದರ ರೀತಿ ಇದೇ.

ಆ ಕೆಲವು ಕುದುರೆಗಳಲ್ಲಿ ಏನಾಗುತ್ತದೆ? ಸೊಳ್ಳೆ ಕಚ್ಚಿದ ಒಂದೆರಡು ವಾರಗಳೊಳಗೆ ಜ್ವರ ಏರುತ್ತದೆ. ಕುದುರೆ ತಲೆ ಜೋತುಹಾಕಿ ಮಂಕಾಗಿ ನಿಲ್ಲುತ್ತದೆ, ಹಲ್ಲು ಕಡಿಯುತ್ತದೆ, ಬಾಯಿಗೆ ಹಾಕಿಕೊಂಡ ಹುಲ್ಲನ್ನು ನುಂಗಲು ಒದ್ದಾಡುತ್ತದೆ, ಹಿಂಗಾಲುಗಳನ್ನು ಅಡ್ಡಾದಿಡ್ಡಿ ಇಡುತ್ತದೆ. ಇನ್ನೂ ಉಗ್ರ ಬಗೆಯಲ್ಲಿ ಮೈಯೆಲ್ಲ ಬೆವೆತು, ಕಣ್ಣು ಕಾಣದೆ ಗೋಡೆಗೆ ಹಾಯ್ದು, ಸ್ನಾಯುಗಳು ಅದುರುತ್ತ ನೆಲಕ್ಕೆ ಬೀಳುತ್ತದೆ; ಬಿದ್ದ ಕುದುರೆ ಏಳುವುದು ಕಡಿಮೆ. ಇಂಥ ಲಕ್ಷಣ ಕಂಡಾಗ ನಮ್ಮ ಪಶುವೈದ್ಯರಿಗೆ ಮೊದಲು ಹೊಳೆಯುವುದು ರೇಬೀಸ್, ಆಮೇಲೆ ಕಚ್ಚುವ ದೊಡ್ಡ ನೊಣಗಳಿಂದ ಹರಡುವ ಸರ್ರಾ. ಅದು ಸರಿಯಾದ ಕ್ರಮವೇ. ರೇಬೀಸ್ ಅಲ್ಲವೆಂದು ಖಚಿತವಾಗುವವರೆಗೆ ಅಂಥ ಕುದುರೆಯ ಬಾಯಿಗೆ ಬರಿಗೈ ಹಾಕಬಾರದು. ತೊಂದರೆ ಇರುವುದು ಮುಂದಿನ ಹಂತದಲ್ಲಿ. ಕುದುರೆ ಸತ್ತ ಮೇಲೆ ಮೆದುಳಿನ ಮಾದರಿ ತೆಗೆದು ಪ್ರಯೋಗಾಲಯಕ್ಕೆ ಕಳಿಸುವ ಪ್ರಸಂಗ ವಿರಳ. ಮಾಲೀಕರಿಗೆ ಅಂದಿನ ದುಡಿಮೆ ಹೋದ ಚಿಂತೆ, ಹೂಳಲು ಜಾಗ ಹುಡುಕುವ ಚಿಂತೆ. "ಹುಚ್ಚು ಹಿಡಿದು ಸತ್ತಿತು" ಎಂಬ ಮಾತಿನಲ್ಲಿ ಕಡತ ಮುಚ್ಚುತ್ತದೆ.

ಹಾಗಾದರೆ ಹಬ್ಬಿರುವ ಪ್ರಮಾಣ ತಿಳಿಯುವುದು ಹೇಗೆ? ಸೋಂಕು ತಗಲಿ ಹೋದ ಗುರುತಾಗಿ ರಕ್ತದಲ್ಲಿ ಉಳಿಯುವ ಪ್ರತಿಕಾಯಗಳನ್ನು ಹುಡುಕಬೇಕು. ಹರಿಯಾಣದ ಹಿಸಾರ್‌ನಲ್ಲಿರುವ ರಾಷ್ಟ್ರೀಯ ಅಶ್ವ ಸಂಶೋಧನಾ ಕೇಂದ್ರದ ವಿಜ್ಞಾನಿಗಳು 2006ರಿಂದ 2009ರವರೆಗೆ 13 ರಾಜ್ಯಗಳ 3,286 ಕುದುರೆ ಜಾತಿಯ ಪ್ರಾಣಿಗಳ ರಕ್ತ ಪರೀಕ್ಷಿಸಿ 2011ರಲ್ಲಿ ಫಲಿತಾಂಶ ಪ್ರಕಟಿಸಿದರು. ಪ್ರತಿಕಾಯ ಕಂಡದ್ದು 327ರಲ್ಲಿ, ಅಂದರೆ ನೂರಕ್ಕೆ ಹತ್ತರಲ್ಲಿ. ಈ ಹತ್ತು ಎಂಬ ಅಂಕಿಯನ್ನು ಇಡೀ ದೇಶಕ್ಕೆ ಹೊದಿಸಿ ನೆಮ್ಮದಿಯಾಗಿರುವಂತಿಲ್ಲ. ಅದೇ ಅಧ್ಯಯನದಲ್ಲಿ ಮಣಿಪುರದ ಪ್ರಮಾಣ ನೂರಕ್ಕೆ 91.7, ಗುಜರಾತಿನದು 18.5, ಮಧ್ಯಪ್ರದೇಶದ್ದು 14.4, ಉತ್ತರಪ್ರದೇಶದ್ದು 11.6. ಇಂದೋರ್‌ನಲ್ಲಿ ಜೋಡಿ ಮಾದರಿ, ಅಂದರೆ ಸ್ವಲ್ಪ ಕಾಲ ಬಿಟ್ಟು ಎರಡು ಸಲ ತೆಗೆದ ರಕ್ತ, ಪರೀಕ್ಷಿಸಿದ 34 ಕುದುರೆಗಳ ಪೈಕಿ 21ರಲ್ಲಿ ಪ್ರತಿಕಾಯದ ಮಟ್ಟ ನಾಲ್ಕು ಪಟ್ಟು ಅಥವಾ ಅದಕ್ಕಿಂತ ಹೆಚ್ಚು ಏರಿತ್ತು. ಸೋಂಕು ಆಗಷ್ಟೇ ಅಲ್ಲಿ ಹಾದುಹೋಗಿತ್ತು ಎಂದು ಅದರ ಅರ್ಥ. ಒಣ ಸೀಮೆಯ ಸಾವಿರ ಕುದುರೆಗಳನ್ನು ಗದ್ದೆ ಸೀಮೆಯ ನೂರರ ಜೊತೆ ಕೂಡಿಸಿ ಭಾಗಿಸಿದರೆ ಬರುವ ಸರಾಸರಿ ಎರಡೂ ಕಡೆಗೆ ಹೊಂದುವುದಿಲ್ಲ. ಭತ್ತ, ಹಂದಿ, ನೀರುಹಕ್ಕಿ ಮೂರೂ ಇರುವ ಮಣಿಪುರದ ಕಣಿವೆಗೆ ನಮ್ಮ ಮಂಡ್ಯ, ಶ್ರೀರಂಗಪಟ್ಟಣ, ಮದ್ದೂರುಗಳ ನಾಲಾ ಬಯಲು ಒಣ ರಾಜಸ್ಥಾನಕ್ಕಿಂತ ಸ್ವಭಾವದಲ್ಲಿ ಹತ್ತಿರದ್ದು ಎಂಬುದು ನನ್ನ ಅಂದಾಜು.

ಅಂಕಿಯನ್ನು ಓದುವಾಗ ಕುದುರೆಯ ವಯಸ್ಸನ್ನೂ ನೋಡಬೇಕು. ಒಂದು ಊರಿನಲ್ಲಿ ಪ್ರತಿ ವರ್ಷ ನೂರರಲ್ಲಿ ಹತ್ತು ಕುದುರೆಗಳಿಗೆ ಹೊಸದಾಗಿ ಸೋಂಕು ತಗಲುತ್ತದೆ ಎಂದಿಟ್ಟುಕೊಳ್ಳೋಣ. ಐದು ವರ್ಷ ಅಲ್ಲೇ ಬಾಳಿದ ಕುದುರೆಗಳಲ್ಲಿ ನೂರಕ್ಕೆ 41ರಲ್ಲಿ, ಹತ್ತು ವರ್ಷ ಬಾಳಿದವುಗಳಲ್ಲಿ ನೂರಕ್ಕೆ 65ರಲ್ಲಿ ಪ್ರತಿಕಾಯ ಸಿಗಬೇಕು. ವೈರಸ್ಸಿನ ಓಡಾಟ ಒಂದೇ, ವಯಸ್ಸು ಬೇರೆಯಾದದ್ದಕ್ಕೆ ಅಂಕಿ ಬೇರೆ. ಹದಿನೈದು ವರ್ಷದ ಟಾಂಗಾ ಕುದುರೆಯಲ್ಲಿ ಪ್ರತಿಕಾಯ ಸಿಕ್ಕರೆ ಅದು ಎಂದೋ ಕಚ್ಚಿದ ಸೊಳ್ಳೆಯ ನೆನಪಿರಬಹುದು. ಎರಡು ವರ್ಷದ ಮರಿಯಲ್ಲಿ ಸಿಕ್ಕರೆ ವೈರಸ್ ಮೊನ್ನೆ ಮೊನ್ನೆ ಈ ಬೀದಿಯಲ್ಲಿತ್ತು ಎಂದೇ ಅರ್ಥ. ಆರು ತಿಂಗಳೊಳಗಿನ ಮರಿ ಮಾತ್ರ ಈ ಲೆಕ್ಕಕ್ಕೆ ಬೇಡ, ತಾಯಿಯ ಗಿಣ್ಣುಹಾಲಿನಿಂದ ಬಂದ ಪ್ರತಿಕಾಯ ಅದರಲ್ಲಿ ಉಳಿದಿರಬಹುದು. ಇನ್ನು ಮಾದರಿಗಳ ಸಂಖ್ಯೆ. ಇಪ್ಪತ್ತು ಕುದುರೆ ಪರೀಕ್ಷಿಸಿ ಒಂದರಲ್ಲೂ ಸಿಗಲಿಲ್ಲವೆಂದು ಸಮಾಧಾನಪಟ್ಟುಕೊಳ್ಳುವವರು ಸಂಖ್ಯಾಶಾಸ್ತ್ರದ ಒಂದು ಸರಳ ಸೂತ್ರ ನೆನಪಿಡಬೇಕು: ಮೂರನ್ನು ಇಪ್ಪತ್ತರಿಂದ ಭಾಗಿಸಿ. ನಿಜವಾದ ಪ್ರಮಾಣ ನೂರಕ್ಕೆ ಸುಮಾರು ಹದಿನೈದರವರೆಗೆ ಇದ್ದರೂ ಇಪ್ಪತ್ತರಲ್ಲಿ ಸೊನ್ನೆ ಬರುವ ಸಾಧ್ಯತೆಯನ್ನು ತಳ್ಳಿಹಾಕಲಾಗದು. 2019ರ ಜಾನುವಾರು ಗಣತಿಯಲ್ಲಿ ಇಡೀ ದೇಶದ ಕುದುರೆ ಮತ್ತು ಟಟ್ಟುಗಳು ಸುಮಾರು 3.4 ಲಕ್ಷ, 2012ರಲ್ಲಿ ಅವು 6.2 ಲಕ್ಷ ದಾಟಿದ್ದವು. ಪ್ರಾಣಿಗಳೇ ಕಡಿಮೆಯಾಗುತ್ತಿರುವಾಗ ಮಾದರಿಯೂ ಚಿಕ್ಕದಾಗುತ್ತದೆ, ಚಿಕ್ಕ ಮಾದರಿಯ ಸೊನ್ನೆಗೆ ಬೆಲೆಯೂ ಚಿಕ್ಕದು.

ಪರೀಕ್ಷೆಯಲ್ಲೂ ಒಂದು ಸಿಕ್ಕು ಇದೆ. ವೆಸ್ಟ್ ನೈಲ್ ವೈರಸ್ ಇದೇ ಕುಟುಂಬಕ್ಕೆ ಸೇರಿದ್ದು, ಅದೂ ಕ್ಯೂಲೆಕ್ಸ್ ಸೊಳ್ಳೆಗಳಿಂದಲೇ ಹರಡುತ್ತದೆ, ಕುದುರೆಗಳನ್ನು ಅದೂ ಕಾಡುತ್ತದೆ. ಒಂದಕ್ಕೆ ಹುಟ್ಟಿದ ಪ್ರತಿಕಾಯ ಇನ್ನೊಂದರ ಸಾಮಾನ್ಯ ಪರೀಕ್ಷೆಯಲ್ಲೂ ಪಾಸಿಟಿವ್ ತೋರಿಸಿಬಿಡಬಹುದು. ಎರಡನ್ನೂ ಬೇರ್ಪಡಿಸಲು ಎರಡೂ ವೈರಸ್‌ಗಳ ವಿರುದ್ಧ ಸೀರಂ (ರಕ್ತದ ತಿಳಿಭಾಗ) ಇಟ್ಟು ಯಾವುದನ್ನು ಹೆಚ್ಚು ಬಲವಾಗಿ ತಟಸ್ಥಗೊಳಿಸುತ್ತದೆ ಎಂದು ನೋಡುವ ಪರೀಕ್ಷೆ ಬೇಕಾಗುತ್ತದೆ. ಅದಕ್ಕೆ ಜೀವಂತ ವೈರಸ್ ಬಳಸುವ ಸುರಕ್ಷಿತ ಪ್ರಯೋಗಾಲಯ ಬೇಕು. ಇದು ಪುಸ್ತಕದ ಎಚ್ಚರಿಕೆ ಮಾತ್ರವಲ್ಲ. 1980ರ ದಶಕದ ಆರಂಭದಲ್ಲಿ ಕೋಲಾರ ಜಿಲ್ಲೆಯಲ್ಲಿ ಮೆದುಳಿನ ಉರಿಯೂತದಿಂದ ಸತ್ತ ಮಕ್ಕಳ ಮೆದುಳಿನಿಂದ ವೆಸ್ಟ್ ನೈಲ್ ವೈರಸ್ಸನ್ನೇ ಬೇರ್ಪಡಿಸಿದ ದಾಖಲೆ ಇದೆ. ನೆರೆಯ ಕೇರಳದಲ್ಲಿ ವೆಸ್ಟ್ ನೈಲ್ ಈಚಿನ ವರ್ಷಗಳಲ್ಲೂ ಮನುಷ್ಯರನ್ನು ಬಲಿ ತೆಗೆದುಕೊಂಡಿದೆ. ಮೈಸೂರಿನ ಕುದುರೆಯೊಂದರ ಪಾಸಿಟಿವ್ ಫಲಿತಾಂಶವನ್ನು ಯಾವ ವೈರಸ್ಸಿನ ಖಾತೆಗೆ ಬರೆಯಬೇಕು ಎಂಬ ಪ್ರಶ್ನೆಯನ್ನು ಹಾರಿಸಿ ಮುಂದೆ ಹೋಗುವಂತಿಲ್ಲ.

ಅಪಾಯ ಹೆಚ್ಚಿಸುವ ಕಾರಣಗಳಲ್ಲಿ ಗದ್ದೆಗೆ ಮೊದಲ ಸ್ಥಾನ. ಈ ರೋಗದ ಮುಖ್ಯ ವಾಹಕ ಕ್ಯೂಲೆಕ್ಸ್ ಟ್ರೈಟೀನಿಯೋರಿಂಕಸ್. ಹೆಸರು ನಾಲಿಗೆಗೆ ಕಷ್ಟ, ಅದರ ಬದುಕು ಮಾತ್ರ ನಮ್ಮ ರೈತರ ಪಂಚಾಂಗಕ್ಕೆ ಹೊಂದಿಕೊಂಡದ್ದು. ನಾಟಿಯಾದ ಮೊದಲ ವಾರಗಳಲ್ಲಿ ನೀರಿನಲ್ಲಿ ಸೊಳ್ಳೆ ಮರಿಗಳು ಹೆಚ್ಚು. ಪೈರು ಬೆಳೆದು ನೀರಿನ ಮೇಲೆ ನೆರಳು ಕವಿದಂತೆ ಕಡಿಮೆ. ಯೂರಿಯಾ ಎರಚಿದ ನಂತರ ಗದ್ದೆ ನೀರಿನಲ್ಲಿ ಮರಿಗಳು ಹೆಚ್ಚುವುದನ್ನು ದಕ್ಷಿಣ ಭಾರತದ ಅಧ್ಯಯನಗಳೇ ತೋರಿಸಿವೆ. ನೀರನ್ನು ಕೆಲವು ದಿನ ಆರಲು ಬಿಟ್ಟು ಮತ್ತೆ ಹಾಯಿಸಿದರೆ ಮರಿಗಳು ಒಣಗಿ ಸಾಯುತ್ತವೆ. ಅಣೆಕಟ್ಟೆಯಲ್ಲಿ ನೀರು ಕಡಿಮೆಯಾದ ವರ್ಷ ನಮ್ಮಲ್ಲಿ ಕಟ್ಟು ಪದ್ಧತಿಯಲ್ಲಿ, ಅಂದರೆ ಕೆಲವು ದಿನ ಹರಿಸಿ ಕೆಲವು ದಿನ ನಿಲ್ಲಿಸಿ, ನಾಲೆಗೆ ನೀರು ಬಿಡುತ್ತಾರೆ, ರೈತರು ಬೈಯುತ್ತಾರೆ, ಬೈಯುವುದಕ್ಕೆ ಕಾರಣವೂ ಇದೆ. ಆದರೆ ಗದ್ದೆ ನಿಜವಾಗಿ ಆರಿದರೆ ಸೊಳ್ಳೆಗೆ ಅದು ಕೆಟ್ಟ ವರ್ಷ. ಅಲ್ಲಲ್ಲಿ ಕುಳಿಗಳಲ್ಲಿ ನೀರು ನಿಂತರೆ ಆ ಲಾಭವೂ ಇಲ್ಲ.

ಹಂದಿ ಎರಡನೆಯದು. ವರ್ಷಕ್ಕೆ ಎರಡು ಸೂಲು ಮರಿ ಹಾಕುವ ಪ್ರಾಣಿಯಾದ್ದರಿಂದ ವೈರಸ್ಸಿಗೆ ಪ್ರತಿರೋಧವಿಲ್ಲದ ಹೊಸ ಮೈಗಳು ಸದಾ ಸಿಗುತ್ತವೆ. ಪಟ್ಟಣದ ಅಂಚಿನ ಮೋರಿ ಬದಿಯಲ್ಲಿ ಅಲೆಯುವ ಹಂದಿಗಳೂ, ಅದರಾಚೆ ಗದ್ದೆಯೂ, ಈಚೆ ಕುದುರೆ ಲಾಯವೂ ಒಂದೆರಡು ಕಿಲೋಮೀಟರ್‌ನೊಳಗೆ ಬಂದರೆ ಅದು ಸೊಳ್ಳೆ ಹಾರಿ ದಾಟಬಲ್ಲ ದೂರ. ಹಕ್ಕಿಗಳ ವಿಷಯದಲ್ಲಿ ಸ್ವಲ್ಪ ವಿವೇಚನೆ ಬೇಕು. ರಂಗನತಿಟ್ಟು, ಕೊಕ್ಕರೆ ಬೆಳ್ಳೂರುಗಳ ಹೆಸರು ಹೇಳಿ ಹೆದರಿಸುವುದು ಸುಲಭ. ಕೊಕ್ಕರೆ ಬೆಳ್ಳೂರಿನ ಹುಣಸೆ ಮರಗಳಲ್ಲಿ ಗೂಡು ಕಟ್ಟುವ ಬಣ್ಣದ ಕೊಕ್ಕರೆ, ಹೆಜ್ಜಾರ್ಲೆಗಳು ಬಕ ಜಾತಿಯವಲ್ಲ. ಈ ವೈರಸ್ಸಿನ ನೆಲೆಯೆಂದು ಮುಖ್ಯವಾಗಿ ಗುರುತಾದವು ಬೆಳ್ಳಕ್ಕಿ, ಬಕಗಳು, ಅವು ಪ್ರತಿ ಊರಿನ ಗದ್ದೆಯಲ್ಲೂ ಇವೆ. ಅಭಯಾರಣ್ಯವನ್ನು ದೂರಿ ಯಾರಿಗೂ ಪ್ರಯೋಜನವಿಲ್ಲ.

ದನಗಳ ಪಾತ್ರ ಎಲ್ಲಕ್ಕಿಂತ ವಿಚಿತ್ರ. ಈ ಸೊಳ್ಳೆಗೆ ಹೆಚ್ಚು ಇಷ್ಟ ದನದ ರಕ್ತ, ದನದ ಮೈಯಲ್ಲೋ ವೈರಸ್ ಹೆಚ್ಚುವುದಿಲ್ಲ. ಆ ಲೆಕ್ಕದಲ್ಲಿ ಕೊಟ್ಟಿಗೆಯ ಹಸು ಕುದುರೆಗೂ ಮಗುವಿಗೂ ಬರಬೇಕಿದ್ದ ಕಡಿತವನ್ನು ತನ್ನ ಮೇಲೆ ಎಳೆದುಕೊಳ್ಳುತ್ತದೆ. ಆದರೆ ಹೊಟ್ಟೆ ತುಂಬ ರಕ್ತ ಸಿಕ್ಕ ಸೊಳ್ಳೆ ಹೆಚ್ಚು ಮೊಟ್ಟೆಯನ್ನೂ ಇಡುತ್ತದೆ. ಕೊಟ್ಟಿಗೆಗೆ ಅಂಟಿಕೊಂಡೇ ಕುದುರೆ ಕಟ್ಟುವ ಮನೆಯಲ್ಲಿ ಈ ಎರಡರಲ್ಲಿ ಯಾವುದು ಮೇಲುಗೈ ಎಂಬುದು ದನಗಳ ಸಂಖ್ಯೆ, ಗೋಡೆ, ಗಾಳಿ ಎಲ್ಲದರ ಮೇಲೆ ನಿಂತಿದೆ. ಕುದುರೆಯ ಕಡೆಯಿಂದ ನೋಡಿದರೆ, ಒಣ ಸೀಮೆಯ ಜಾತ್ರೆಯಿಂದ ಕೊಂಡು ತಂದ ಎಳೆಯ ಕುದುರೆಗೆ ಅಪಾಯ ಹೆಚ್ಚು, ಇಲ್ಲೇ ಹುಟ್ಟಿ ಬೆಳೆದ ಹಳೆಯ ಕುದುರೆಗೆ ಕಡಿಮೆ. ಮುಸ್ಸಂಜೆಯಿಂದ ಬೆಳಗಿನ ಜಾವದವರೆಗೆ ಅದು ಎಲ್ಲಿ ನಿಂತಿರುತ್ತದೆ ಎಂಬುದು ಹಗಲಿನಲ್ಲಿ ಎಲ್ಲಿ ಓಡುತ್ತದೆ ಎಂಬುದಕ್ಕಿಂತ ಮುಖ್ಯ. ಮೈಸೂರಿನ ಅಶ್ವಾರೋಹಿ ಪೊಲೀಸ್ ದಳದ ಕುದುರೆಗೂ ರೇಸ್ ಕೋರ್ಸಿನ ಕುದುರೆಗೂ ಕಟ್ಟಿದ ಲಾಯ, ದಿನದ ಆರೈಕೆ, ಕರೆದರೆ ಬರುವ ವೈದ್ಯರು ಇರುತ್ತಾರೆ. ಟಾಂಗಾ ಕುದುರೆಗೆ ಹಲವು ಸಲ ಮೂರು ಕಡೆ ಗೋಡೆ, ಒಂದು ಕಡೆ ಮೋರಿ.

ಇಷ್ಟು ಹೇಳಿದ ಮೇಲೆ ಇದನ್ನು ಕುದುರೆಗಳ ಮಹಾಮಾರಿ ಎಂದು ಬಿಂಬಿಸುವುದೂ ತಪ್ಪಾಗುತ್ತದೆ. ಕೀಟದಿಂದ ಹರಡಿ ಕುದುರೆಗಳ ಕುಲವನ್ನೇ ಅಳಿಸುವ ರೋಗವೆಂದರೆ ಆಫ್ರಿಕನ್ ಹಾರ್ಸ್ ಸಿಕ್‌ನೆಸ್. ಅದು ಕ್ಯುಲಿಕಾಯ್ಡಿಸ್ ಎಂಬ ಸಣ್ಣ ನುಸಿಗಳಿಂದ ಬರುತ್ತದೆ, ತಗಲಿದ ಕುದುರೆಗಳಲ್ಲಿ ನೂರಕ್ಕೆ ತೊಂಬತ್ತಕ್ಕೂ ಹೆಚ್ಚು ಸಾಯಬಹುದು. 1960ರ ಸುಮಾರಿನಲ್ಲಿ ಅದು ಪಶ್ಚಿಮ ಏಷ್ಯಾದಿಂದ ಭಾರತಕ್ಕೂ ಬಂದಿತ್ತು. ಈಗ ದೇಶ ಅದರಿಂದ ಮುಕ್ತವಾಗಿದೆ. 2020ರಲ್ಲಿ ಥಾಯ್ಲೆಂಡಿನಲ್ಲಿ ಅದು ಹಠಾತ್ತನೆ ಕಾಣಿಸಿಕೊಂಡು ನೂರಾರು ಕುದುರೆಗಳನ್ನು ಕೊಂದದ್ದು ಮರೆಯುವಂಥದ್ದಲ್ಲ. ನಮ್ಮ ಕುರಿಗಳಿಗೆ ನೀಲಿ ನಾಲಿಗೆ ರೋಗ ತರುವ ನುಸಿಗಳೂ ಅದೇ ಕುಲದವು. ಅಂದರೆ ವಾಹಕ ಇಲ್ಲಿದೆ, ವೈರಸ್ ಇಲ್ಲ. ಮೆದುಳು ಜ್ವರದಲ್ಲಿ ವಾಹಕವೂ ಇದೆ, ವೈರಸ್ಸೂ ಇದೆ. ಲೆಕ್ಕ ಮಾತ್ರ ಇಲ್ಲ.

ಲೆಕ್ಕ ಹಿಡಿಯಲು ಹೊಸ ಇಲಾಖೆ, ಹೊಸ ಯೋಜನೆ ಬೇಕಿಲ್ಲ. ಕುದುರೆ ಜಾತಿಗೆ ಬರುವ ಗ್ಲ್ಯಾಂಡರ್ಸ್ ಎಂಬ ಬ್ಯಾಕ್ಟೀರಿಯಾ ರೋಗದ ಕಣ್ಗಾವಲಿಗಾಗಿ ಪಶುಪಾಲನಾ ಇಲಾಖೆಯವರು ಕುದುರೆ, ಕತ್ತೆಗಳ ರಕ್ತ ತೆಗೆಯುತ್ತಾರೆ. ಅದೇ ಸೀರಂನ ಒಂದು ಪಾಲನ್ನು ಮೆದುಳು ಜ್ವರದ ಪರೀಕ್ಷೆಗೂ ಎತ್ತಿಟ್ಟರೆ ಕುದುರೆಗೆ ಇನ್ನೊಂದು ಸೂಜಿ ಚುಚ್ಚುವ ಅಗತ್ಯವಿಲ್ಲ, ಟಾಂಗಾದವರ ಇನ್ನೊಂದು ದಿನದ ದುಡಿಮೆ ಕೆಡುವುದಿಲ್ಲ. ಸೀಸೆಯ ಮೇಲೆ ಊರಿನ ಹೆಸರಿನ ಜೊತೆಗೆ ಕುದುರೆಯ ವಯಸ್ಸು, ಅದು ಎಲ್ಲಿಂದ ಬಂದದ್ದು, ಈ ಊರಿನಲ್ಲಿ ಎಷ್ಟು ವರ್ಷದಿಂದ ಇದೆ ಎಂಬ ಮೂರು ಸಂಗತಿ ಬರೆದರೆ ಸಾಕು. ಅವಿಲ್ಲದ ಪಾಸಿಟಿವ್ ಫಲಿತಾಂಶದಿಂದ ಹೆಚ್ಚೇನೂ ಹೊರಡುವುದಿಲ್ಲ. ಲಸಿಕೆಯ ಮಾತು ಆಮೇಲಿನದು. ಜಪಾನ್, ಹಾಂಗ್‌ಕಾಂಗ್‌ಗಳಲ್ಲಿ ಪಂದ್ಯದ ಕುದುರೆಗಳಿಗೆ ಮೆದುಳು ಜ್ವರದ ಲಸಿಕೆ ಹಾಕಿಸುವುದು ವಾಡಿಕೆ. ಟಾಂಗಾ ಕುದುರೆಗೆ ಅಂಥ ಖರ್ಚು ಮಾಡಬೇಕೇ ಎಂದು ತೀರ್ಮಾನಿಸಲು ಮೊದಲು ಇಲ್ಲಿನ ಪ್ರಮಾಣ ಗೊತ್ತಾಗಬೇಕು. ಅಲ್ಲಿಯವರೆಗೆ ಲಾಯದ ಬಾಗಿಲಿಗೆ ಸೊಳ್ಳೆ ಪರದೆಯ ಬಟ್ಟೆ, ಸಾಧ್ಯವಾದರೆ ಒಂದು ಫ್ಯಾನು. ಈ ಸೊಳ್ಳೆ ಜೋರು ಗಾಳಿಯಲ್ಲಿ ಹಾರಲಾರದು. ಬೇವಿನ ಹೊಗೆ ಒಂದಷ್ಟು ಹೊತ್ತು ಓಡಿಸುತ್ತದೆ ನಿಜ, ಮುಚ್ಚಿದ ಲಾಯದಲ್ಲಿ ಅದು ಕುದುರೆಯ ಶ್ವಾಸಕ್ಕೂ ಕೆಡುಕು.

ರಕ್ತ ತೆಗೆಯುವ ಕಾಲವನ್ನು ನಾಲೆಯ ನೀರೇ ಸೂಚಿಸುತ್ತದೆ. ನಾಟಿಗೆ ಮುಂಚೆ, ಜೂನ್ ತಿಂಗಳಲ್ಲಿ, ಮೂರು ವರ್ಷದೊಳಗಿನ ಕುದುರೆಗಳಿಂದ ಒಂದು ಮಾದರಿ. ದಸರಾ ಮುಗಿದು, ಜೋಡಿಗಳು ಪಂಚೆ ಸೀರೆ ಉಟ್ಟು ಏರುವ ಪಾರಂಪರಿಕ ಟಾಂಗಾ ಸವಾರಿಯ ಗದ್ದಲ ಇಳಿದು, ಕುದುರೆಗಳು ಲಾಯಕ್ಕೆ ಮರಳಿದ ಮೇಲೆ, ನವೆಂಬರಿನಲ್ಲಿ, ಅವೇ ಕುದುರೆಗಳಿಂದ ಇನ್ನೊಂದು. ಜೂನಿನಲ್ಲಿ ಪ್ರತಿಕಾಯ ಇಲ್ಲದೆ ನವೆಂಬರಿನಲ್ಲಿ ಕಾಣಿಸಿಕೊಂಡ ಒಂದೊಂದು ಕುದುರೆಯೂ ಆ ಮಳೆಗಾಲದಲ್ಲಿ ಸೋಂಕಿನ ಸೊಳ್ಳೆ ಕಚ್ಚಿದ ಜಾಗವನ್ನು ತೋರಿಸುತ್ತದೆ. ಆ ಲಾಯದ ಸುತ್ತಲಿನ ಬೀದಿಗಳಲ್ಲಿ ಲಸಿಕೆ ತಪ್ಪಿಸಿಕೊಂಡ ಮಕ್ಕಳು ಯಾರಿದ್ದಾರೆ ಎಂದು ಅಂಗನವಾಡಿಯ ಪುಸ್ತಕ ತೆಗೆದು ನೋಡುವ ಕೆಲಸ ಅಲ್ಲಿಂದ ಶುರುವಾಗಬಹುದು.